ಕಾಂತಪ್ಪ ಮಾವ ಹುಡುಕಿದ ಡಚ್ ವಂಶ

ಪರರ ಮನೆತನಕ್ಕಾಗಿ ಕಾಂತಪ್ಪ ಮಾವನಷ್ಟು ನಿಷ್ಠೆಯಿಂದ ದುಡಿದವರನ್ನು ನಾನು ಬೇರೆ ನೋಡಿಲ್ಲ. ಆ ಮನೆತನದವರು ಕೊನೆಗೆ ಕೈಕುಲುಕಿ, ಕೇಕ್ ತಿನ್ನಿಸಿ ಕಳಿಸಿದರು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಕಾಪುವಿನ ಹತ್ತಿರದ ಊರಿನವರು. ಎಪ್ಪತ್ತರ ದಶಕದಲ್ಲಿ ಮೆಲ್ಬರ್ನ್‌ಗೆ ಬಂದು ಡ್ರಾಫ್ಟ್ಸ್‌ಮನ್ ಕೆಲಸ ಹಿಡಿದರು. ಸಬರ್ಬುಗಳ ನೀರಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನಕ್ಷೆ ಬರೆಯುವ ಕೆಲಸ. ಅದೇ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಡೋರೀನ್ ಹೆಲ್ಡರ್‌ವೈಕ್ ಎಂಬವರನ್ನು ಮದುವೆಯಾದರು. ಡೋರೀನ್ ಅತ್ತೆಯದು ಸಿಲೋನಿನ ಡಚ್ ಬರ್ಗರ್ ಮನೆತನ. ಡಚ್ಚರು ಸಿಲೋನನ್ನು ಆಳುತ್ತಿದ್ದಾಗ ಅಲ್ಲಿಗೆ ಹೋಗಿ ನೆಲೆನಿಂತು, ಅಲ್ಲಿನ ಹೆಂಗಸರನ್ನೇ ಮದುವೆಯಾಗಿ, ಇನ್ನೂರು ಮುನ್ನೂರು ವರ್ಷ ಕಳೆದರೂ ತಾವು ಡಚ್ಚರೇ ಎಂದು ಹೇಳಿಕೊಂಡವರ ಸಂತಾನ. ಆಸ್ಟ್ರೇಲಿಯಾ ಬಿಳಿಯರಿಗೆ ಮಾತ್ರ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿ ಯುರೋಪಿನ ರಕ್ತ ತೋರಿಸಿ ಅತ್ತೆಯ ಅಪ್ಪ ಇಲ್ಲಿಗೆ ಬಂದದ್ದು. ಅತ್ತೆ ನನ್ನ ಅಮ್ಮನಿಗಿಂತ ಕಪ್ಪು. ಅದನ್ನು ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ನಮ್ಮದು ಅಳಿಯಸಂತಾನ. ಮಕ್ಕಳು ತಾಯಿಯ ಬರಿಗೆ, ಅಂದರೆ ತಾಯಿಯ ಕುಲಕ್ಕೆ ಸೇರಿದವರು. ಅಪ್ಪ ಸಾಕುತ್ತಾನೆ, ಮುದ್ದು ಮಾಡುತ್ತಾನೆ, ಶಾಲೆಗೆ ಕಳಿಸುತ್ತಾನೆ. ಆದರೆ ಮಕ್ಕಳ ಕುಟುಂಬ ಎಂದರೆ ಅಜ್ಜಿ, ಅಮ್ಮ, ಸೋದರಮಾವ. ಊರಿನಲ್ಲಿ ಇರುವವರು ಇದನ್ನೆಲ್ಲ ಅರ್ಧ ಮರೆತು ಆರಾಮವಾಗಿದ್ದಾರೆ. ಸಮುದ್ರ ದಾಟಿದ ಮಾವ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಮಗಳು ನಿಶ್ಮಿತಾ ಹುಟ್ಟಿದಾಗ ಹೆಸರನ್ನು ಅವರೇ ಇಟ್ಟರು, ಅದಕ್ಕೂ ಮೊದಲು ಅತ್ತೆಯ ತಮ್ಮ ಗಾಡ್‌ಫ್ರೀಯ ಒಪ್ಪಿಗೆ ಕೇಳಿದರು. ಮಗುವಿನ ಸೋದರಮಾವ ಅಲ್ಲವೇ. ಗಾಡ್‌ಫ್ರೀಗೆ ತನ್ನನ್ನು ಯಾಕೆ ಕೇಳುತ್ತಿದ್ದಾರೆಂದೇ ತಿಳಿಯಲಿಲ್ಲ. ಹುಟ್ಟುಹಬ್ಬವೋ ಕ್ರಿಸ್‌ಮಸ್ಸೋ, ಮೊದಲ ಕರೆ ಅವನಿಗೇ ಹೋಗುತ್ತಿತ್ತು. ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಹೊಸ ಶತಮಾನದ ಮೊದಲ ಚಳಿಗಾಲದಲ್ಲಿ ಅತ್ತೆ ಕ್ಯಾನ್ಸರಿನಿಂದ ತೀರಿಕೊಂಡರು. ನಿಶ್ಮಿತಾ ಆಗ ಹೈಸ್ಕೂಲು. ಮಾವನಿಗೆ ಹೆಂಡತಿ ಹೋದ ದುಃಖದ ಜೊತೆಗೆ ಇನ್ನೊಂದು ಹೆದರಿಕೆ ಹಿಡಿಯಿತು. ತಾಯಿಯೇ ಇಲ್ಲದ ಮೇಲೆ ಈ ಹುಡುಗಿಯನ್ನು ಅವಳ ಕುಟುಂಬಕ್ಕೆ ಕಟ್ಟುವ ಹಗ್ಗ ಯಾವುದು? ನಾಳೆ ತಾನೂ ಹೋದರೆ ಇವಳು ಯಾರವಳು? ಅದೇ ಹೊತ್ತಿಗೆ ಗಾಡ್‌ಫ್ರೀ ಮತ್ತು ಅವನ ದಾಯಾದಿಗಳು ಹೆಲ್ಡರ್‌ವೈಕ್ ವಂಶಾವಳಿಯ ಪುಸ್ತಕ ತರುವ ಯೋಚನೆ ಮಾಡಿದ್ದರು. ಯೋಚನೆ ಅವರದು, ಮೈಮುರಿಯುವ ಕೆಲಸ ಮಾಡುವವರು ಬೇಕಿತ್ತು. ಮಾವ ತಾವಾಗಿ ಕತ್ತು ಕೊಟ್ಟರು. ಆ ಪುಸ್ತಕದಲ್ಲಿ ಮಗಳ ಹೆಸರು ಬಂದರೆ ಅವಳಿಗೆ ಒಂದು ನೆಲೆ ಸಿಕ್ಕಂತೆ ಅಶ್ವಿತಾ ಎಂದು ನನಗೆ ಫೋನಿನಲ್ಲಿ ಹೇಳಿದ್ದರು. ನಾನು ಆಗ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ ಮಾಡಿದ್ದೆ.

ನಿವೃತ್ತರಾದ ಮೇಲೆ ಅವರ ಬದುಕೆಲ್ಲ ಅದೇ ಆಯಿತು. ಕ್ರಾನ್‌ಬರ್ನ್‌ನ ಮನೆಯಿಂದ ಬೆಳಿಗ್ಗೆ ಟ್ರೇನು ಹಿಡಿದು ಸಿಟಿ ಲೈಬ್ರರಿ. ಕೊಲಂಬೋದ ಪಾದ್ರಿಗಳಿಗೆ ಪತ್ರ, ಹಾಲೆಂಡಿನ ದಾಖಲೆಮನೆಗೆ ಪತ್ರ. ಒಮ್ಮೆ ಸಿಲೋನಿಗೇ ಹೋಗಿ ಗಾಲ್ ಊರಿನ ಹಳೆಯ ಚರ್ಚಿನಲ್ಲಿ ಮಂಡಿಯೂರಿ ಗೋರಿಕಲ್ಲುಗಳನ್ನು ಉಜ್ಜಿ ಓದಿ ಬಂದರು. ಹೆಲ್ಡರ್‌ವೈಕರಿಗೆ ತಮ್ಮ ಮೂಲಪುರುಷ ಗವರ್ನರನೋ ಕ್ಯಾಪ್ಟನನೋ ಆಗಿರಬೇಕೆಂಬ ಆಸೆ. ಮಾವ ಹುಡುಕಿ ತಂದದ್ದು ಹಡಗಿನ ಹಾಯಿ ಹೊಲಿಯುತ್ತಿದ್ದ ಒಬ್ಬ ಬಡಪಾಯಿಯನ್ನು. ಹೆಲ್ಡರ್‌ವೈಕರ ಮುಖ ಸ್ವಲ್ಪ ಸಣ್ಣದಾಯಿತು. ಅವನ ಹೆಂಡತಿ ಯಾರು ಎಂಬುದು ಅವರಿಗೆ ಬೇಕಿರಲಿಲ್ಲ. ಮಾವನಿಗೆ ಅದೇ ಬೇಕಿತ್ತು. ಅವರು ಹುಡುಕುವ ರೀತಿಯೇ ಹಾಗೆ: ಗಂಡಿನ ಹೆಸರು ಸಿಕ್ಕಿದರೆ ಪಕ್ಕಕ್ಕಿಟ್ಟು, ಇವನ ತಾಯಿ ಯಾರು, ಅವಳ ತಾಯಿ ಯಾರು ಎಂದು ಹೊರಡುವುದು. ಮಗಳು ಮದುವೆಯಾಗಿ ಹೋದಳು ಎಂದರೆ ಬೇರೆಯವರು ಗೆರೆ ನಿಲ್ಲಿಸುತ್ತಾರೆ. ಮಾವನ ಗೆರೆ ಅಲ್ಲಿಂದಲೇ ಶುರು. ಹೆಣ್ಣುಮಕ್ಕಳ ಮಕ್ಕಳು, ಅವರ ಮಕ್ಕಳು, ಎಲ್ಲರನ್ನೂ ಒಬ್ಬೊಬ್ಬರಾಗಿ ಹಿಡಿದು ತಂದು ಕೂರಿಸಿದರು. ಕೊನೆಯಲ್ಲಿ ಡೋರೀನ್ ಅತ್ತೆ, ಅತ್ತೆಯ ಕೆಳಗೆ ನಿಶ್ಮಿತಾ. ಆರು ವರ್ಷದ ಕೆಲಸವನ್ನು ಗಾಡ್‌ಫ್ರೀಯ ಕೈಗಿಟ್ಟು ಬಂದ ದಿನ ಅವರು ಖುಷಿಯಿಂದ ಫೋನು ಮಾಡಿದ್ದರು.

ಪುಸ್ತಕ ಬಿಡುಗಡೆ ಮೆಲ್ಬರ್ನಿನ ಒಂದು ಚರ್ಚ್ ಹಾಲಿನಲ್ಲಿ. ಊರಿನಿಂದ ಬಂದಿದ್ದ ಅಮ್ಮನಿಗೆ ವಿಮಾನ ಸಾಕಾಗಿತ್ತು, ನಾನೊಬ್ಬಳೇ ಸಿಡ್ನಿಯಿಂದ ಹೋದೆ. ಹಾಲಿನ ತುಂಬ ಕೋಟು ಹಾಕಿದ ಗಂಡಸರು, ಟೋಪಿ ಇಟ್ಟ ಹೆಂಗಸರು, ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನದ ಪರಿಮಳ. ಮಾವ ಹೊಸ ಕೋಟು ಹೊಲಿಸಿದ್ದರು. ಗಾಡ್‌ಫ್ರೀ ವೇದಿಕೆಯಲ್ಲಿ ‘ನಮ್ಮ ಮಿತ್ರ ಕಾಂತ್’ ಎಂದು ಥ್ಯಾಂಕ್ಸ್ ಹೇಳಿದ. ಭಾವ ಎನ್ನಲಿಲ್ಲ. ಚಪ್ಪಾಳೆ ಬಿತ್ತು. ಮಾವ ಪುಸ್ತಕ ತೆರೆದು ಸೀದಾ ಕೊನೆಯ ಪುಟಗಳಿಗೆ ಹೋದರು. ಡೋರೀನ್ ಹೆಲ್ಡರ್‌ವೈಕ್, ಹುಟ್ಟಿದ ವರ್ಷ, ತೀರಿದ ವರ್ಷ, ಅಷ್ಟೇ. ಕೆಳಗೆ ಏನೂ ಇಲ್ಲ. ಹಿಂದಿನ ಪುಟಗಳನ್ನು ತಿರುವಿದರು. ಅವರು ಹಿಡಿದು ತಂದಿದ್ದ ಹೆಣ್ಣುಮಕ್ಕಳ ಸಂತಾನ ಒಂದೂ ಉಳಿದಿರಲಿಲ್ಲ.

ಮಾವ ಗಾಡ್‌ಫ್ರೀಯನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ. ನಿಶ್ಮಿತಾ ಎಲ್ಲಿ ಎಂದು ಕೇಳಿದರು. ಗಾಡ್‌ಫ್ರೀಗೆ ನಿಜವಾಗಿಯೂ ಆಶ್ಚರ್ಯವಾಯಿತು. ಹೆಸರು ಹೊತ್ತವರು ಮಾತ್ರ ವಂಶ, ಇದು ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ನಿಯಮ, ಯಾರಿಗೂ ಭೇದ ಮಾಡಿಲ್ಲ ಎಂದು ಮೃದುವಾಗಿ ವಿವರಿಸಿದ. ಆಮೇಲೆ ಮಾವನ ಹೆಗಲ ಮೇಲೆ ಕೈಯಿಟ್ಟ.

“ಅವಳು ನಿನ್ನ ಮಗಳಲ್ಲವೇ ಕಾಂತ್? ನಿನ್ನ ಕುಟುಂಬದಲ್ಲಿ ಇರುತ್ತಾಳೆ.”

ಅವನಿಗೆ ಎರಡು ಬಾರಿಸಬೇಕು ಅನ್ನಿಸಿತು ನನಗೆ. ಆದರೆ ಅವನು ಕೆಟ್ಟವನಲ್ಲ, ಅದೇ ಕಷ್ಟ. ಅವನ ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ಮಗಳನ್ನು ತಾಯಿಯ ಕುಲಕ್ಕೆ ಬರೆಸಬೇಕೆಂದು ಆರು ವರ್ಷ ಸವೆಸಿದ ಮಾವನಿಗೆ, ಆ ಕುಲದವರು ತಂದೆಯನ್ನು ಮಾತ್ರ ಎಣಿಸುತ್ತಾರೆಂಬುದು ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮ ಜಾತಿಯವರಿಗೆ ಮಾತ್ರ ಬರುವ ಕುರುಡು ಅದು. ಗಾಡ್‌ಫ್ರೀಯನ್ನು ಮೊದಲೇ ಕೇಳದೆ ಇದ್ದದ್ದೂ ಅದಕ್ಕೇ. ಮಗಳು ಯಾರವಳು ಎಂದು ಯಾರಾದರೂ ಕೇಳುತ್ತಾರೆಯೇ?

ಮುಂದಿನ ತಿಂಗಳು ಮಾವ ಮಗಳನ್ನು ಕರೆದುಕೊಂಡು ಕೆಲ್ಲಿವಿಲ್‌ಗೆ ಬಂದರು. ಮುಖ ಇಳಿದಿತ್ತು. ಅಮ್ಮ ಸುಗುಣಾ ಈಗ ನಮ್ಮ ಕುಟುಂಬದ ಹಿರಿಯ ಹೆಂಗಸು. ವರ್ಷಕ್ಕೊಮ್ಮೆ ಊರಿನ ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆ ಕೊಡುವಾಗ ಯಾರ ಯಾರ ಹೆಸರು ಹೇಳಿ ಪ್ರಾರ್ಥಿಸಬೇಕೆಂದು ತೀರ್ಮಾನಿಸುವವರು ಅವರೇ. ಊಟವಾದ ಮೇಲೆ ಮಾವ ತುಳುವಿನಲ್ಲಿ, ತಗ್ಗಿದ ದನಿಯಲ್ಲಿ, ಈ ಸಲ ನಿಶ್ಮಿತಾಳ ಹೆಸರನ್ನೂ ಸೇರಿಸಲು ಆಗುತ್ತದೆಯೇ ಎಂದು ಕೇಳಿದರು. ಯಾರ ಹತ್ತಿರವೂ ಏನನ್ನೂ ಬೇಡದ ಮನುಷ್ಯ. ನನಗೆ ಅಳು ಬಂತು.

ಅಮ್ಮ ಸೆರಗಿನ ತುದಿ ಸರಿಮಾಡಿಕೊಂಡು ಹೇಳಿದರು.

“ಅವಳು ನಮ್ಮ ಬರಿಯವಳಲ್ಲ ಅಲ್ವಾ ಅಣ್ಣಾ? ನಮ್ಮ ಸೋದರಮಾವ ತನ್ನ ಮಕ್ಕಳ ಹೆಸರು ಸೇರಿಸಿ ಅಂತ ಬಂದಾಗ ಬೇಡ ಅಂದದ್ದು ನೀವೇ. ಈಗ ನಿಮ್ಮ ಮಗಳಿಗೆ ಅಂತ ನಾನು ಹೇಗೆ ಬದಲಾಯಿಸುದು?”

ನಾನು ಅಮ್ಮನ ಮೇಲೆ ರೇಗಿದೆ. ದೈವಕ್ಕೆ ಒಂದು ಹೆಸರು ಹೆಚ್ಚಾದರೆ ಭಾರವಾಗುತ್ತದೆಯೇ ಎಂದು ಕೇಳಿದೆ. ಮಾವ ಕೈಯೆತ್ತಿ ನನ್ನನ್ನು ತಡೆದರು. ತಂಗಿ ಹೇಳಿದ್ದು ಕ್ರಮಪ್ರಕಾರ ಸರಿ ಎಂದರು.

ಸೋಫಾದಲ್ಲಿ ಕೂತಿದ್ದ ನಿಶ್ಮಿತಾ ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ತುಳು ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ. ಅಪ್ಪನ ಕಡೆಗೆ ತಿರುಗಿ ಸಣ್ಣ ದನಿಯಲ್ಲಿ ಮಾತಾಡಿದಳು.

“ಪ್ರೈಮರಿ ಸ್ಕೂಲಲ್ಲಿ ಫ್ಯಾಮಿಲಿ ಟ್ರೀ ಬರೆದುಕೊಂಡು ಬನ್ನಿ ಅಂದಿದ್ದರು ಡ್ಯಾಡಿ. ಇಂಡಿಯಾದ ಅಜ್ಜಿ, ಸುಗುಣಾ ಆಂಟಿ, ಅಶ್ವಿತಾ ಅಕ್ಕ, ಎಲ್ಲರನ್ನೂ ಬರೆದಿದ್ದೆ. ಇವರು ಯಾರೂ ನಿನ್ನವರಲ್ಲ ಅಂತ ಹೇಳಿ ನೀವು ರಬ್ಬರ್ ತಗೊಂಡು ಅಳಿಸಿದಿರಿ. ನಿಮ್ಮ ಹೆಸರನ್ನೂ ಅಳಿಸಿದಿರಿ. ನಾನು ಅವತ್ತೇ ನಂಬಿಬಿಟ್ಟೆ. ಈಗ ಯಾಕೆ ಎಲ್ಲರ ಹತ್ತಿರ ಬೇಡ್ತೀರಿ?”

ಅಷ್ಟು ಹೇಳಿ ಅವಳು ಎದ್ದು ಹಿತ್ತಲಿಗೆ ಹೋದಳು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಹುಡುಗಿ ಏನಂದಳು ಎಂದು ನನ್ನನ್ನು ಕೇಳಿದರು. ಉತ್ತರ ಕೊಟ್ಟದ್ದು ಮಾವ.

“ನೀನು ಹೇಳಿದ್ದನ್ನೇ ಹೇಳಿದಳು ಸುಗುಣಾ. ಅವಳು ನನ್ನವಳಲ್ಲವಂತೆ.”