ಅಗ್ಗಿಷ್ಟಿಕೆಗೆ ಹೆದರಿದ ಬಾಣ

ಬೆಟ್ಟದೂರು ಇತ್ತಲಾರಿನ ಒಂದು ಮನೆಯಲ್ಲಿ ಚಹಾ ಬೆಳೆಗಾರರಿಗೆ ಎಲೆರೋಗದ ಚಿತ್ರ ತೋರಿಸುವಾಗ ಮೌಸ್ ಕೈಕೊಟ್ಟಿತು. ಇಂಥ ಸಮಯಕ್ಕೆಂದೇ ಇಟ್ಟುಕೊಂಡಿದ್ದ ವಿಡಿಯೋ ಗೇಮ್ ರಿಮೋಟನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಅದರ ಮೂತಿಯ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ನೋಡಿ ದಿಕ್ಕು ತಿಳಿಯುತ್ತದೆ. ಮೇಣದಬತ್ತಿಯಲ್ಲೂ ಆ ಬೆಳಕಿದೆ. ಪರದೆಯ ಕೆಳಗೆ ಎರಡು ಹಚ್ಚಿಟ್ಟೆ. ಕೈ ಆಡಿಸಿದತ್ತ ಪರದೆಯ ಮೇಲಿನ ಮೌಸ್ ಬಾಣ ಓಡಾಡಿತು.

ಚಳಿಗೆ ನನ್ನ ಬೆರಳು ಮರಗಟ್ಟಿದ್ದನ್ನು ಕಂಡ ಮನೆಯ ಅಜ್ಜಿ ಕೆಂಡದ ಅಗ್ಗಿಷ್ಟಿಕೆ ತಂದರು. ಬೆಂಕಿಯೆಲ್ಲ ಒಂದೇ ಕಡೆ ಇರಲಿ ಎಂದು ಮೇಣದಬತ್ತಿಯ ಪಕ್ಕದಲ್ಲೇ ಇಟ್ಟರು. ಬಾಣ ಎಗರಿ ಆಚೆ ಮೂಲೆ ಸೇರಿತು. ಕೆಂಡದಲ್ಲೂ ಅದೇ ಬೆಳಕಿದೆ, ರಿಮೋಟ್ ಅದನ್ನೂ ಮೇಣದಬತ್ತಿ ಎಂದುಕೊಂಡಿದೆ ಎಂದು ಹೊಳೆದು, ಅಗ್ಗಿಷ್ಟಿಕೆಯನ್ನು ಹೊರಗಿಡಿಸಿದೆ. ಬಾಣ ಮರಳಿತು. ಆದರೆ ಚಳಿಗೆ ನನ್ನ ಕೈ ನಡುಗಿ, ಪರದೆಯ ಮೇಲೆ ಅದೂ ನಡುಗತೊಡಗಿತು.

ಅಜ್ಜಿ ಕನಿಕರದಿಂದ ನೋಡಿದರು. "ಬೆಂಕಿ ಇಟ್ಟರೆ ಓಡುತ್ತೆ, ತೆಗೆದರೆ ನಡುಗುತ್ತೆ. ನಮ್ಮ ಯಜಮಾನರೂ ಹೀಗೇ ಇದ್ದರು."