ಬೀಗಿತ್ತಿ ಮನೆಯ ಬಿಗೋನಿಯ

ಅವ್ವನ ಬಿಗೋನಿಯ ಗಿಡ ಅವ್ವನ ಉಪಚಾರ ತಡೆಯಲಾರದೆ ಸತ್ತಿತು. ಹೊಳೆನರಸೀಪುರದ ನಮ್ಮ ಮನೆಯ ಕಿಟಕಿಯಲ್ಲಿ, ಪೇಂಟಿನ ಡಬ್ಬದಲ್ಲಿ ಅದು ಬೆಳೆದಿತ್ತು. ಅಂಗೈಯಗಲದ ಎಲೆ, ಕೆಂಪು ನರ, ಮೇಲೆ ಬೆಳ್ಳಿ ಬಳಿದ ಹಾಗೆ ಪಟ್ಟೆ. ಮನೆಗೆ ಬಂದವರೆಲ್ಲ ಅದನ್ನು ಹೊಗಳುತ್ತಿದ್ದರು. ನಮ್ಮಲ್ಲಿ ಬೇರೆ ಯಾರನ್ನಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಮಣ್ಣು ಒಣಗಿದ ಮೇಲಷ್ಟೇ ಅದಕ್ಕೆ ನೀರು ಬೇಕು. ಅವ್ವ ಮಳೆಗಾಲದಲ್ಲೂ ದಿನಾ ಅಕ್ಕಿ ತೊಳೆದ ನೀರು ಹೊಯ್ದಳು. ಒಂದು ದಿನ ಮುಟ್ಟಿದರೆ ಕಾಂಡ ಕಳಿತ ಬಾಳೆಹಣ್ಣಿನಂತೆ ಮೆತ್ತಗಿತ್ತು.

ಇದು ನನ್ನ ನೆನಪು. ಡಬ್ಬಕ್ಕೆ ನೀರು ಬಸಿಯುವ ತೂತು ಕೊರೆಯದವನು ನಾನೇ ಎನ್ನುವುದು ಅಕ್ಕನ ನೆನಪು. ಡಬ್ಬವನ್ನು ಎಸೆದಾಗಿದೆ, ಆದ್ದರಿಂದ ಸದ್ಯಕ್ಕೆ ನಾನು ಬರೆದದ್ದೇ ನಿಜ.

ಆ ಗಿಡದ ವಂಶ ಉಳಿದಿದ್ದದ್ದು ಒಂದೇ ಕಡೆ, ಚನ್ನರಾಯಪಟ್ಟಣದಲ್ಲಿ, ಅಕ್ಕನ ಅತ್ತೆಯ ಮನೆಯಲ್ಲಿ. ಅವರು ಅವ್ವನಿಗೆ ಬೀಗಿತ್ತಿ. ಹಿಂದೊಮ್ಮೆ ನಮ್ಮ ಮನೆಗೆ ಬಂದಾಗ ಅವ್ವನ ಗಿಡದಿಂದ ಒಂದು ಎಲೆ ಕದ್ದು ಒಯ್ದಿದ್ದರು. ಕದಿಯಲೇಬೇಕು. ಕೇಳಿ ತಂದ ಗಿಡ ಬರುವುದಿಲ್ಲ, ಕದ್ದದ್ದನ್ನು ಗಿಡದ ಒಡತಿ ಕಣ್ಣಾರೆ ಕಂಡರಂತೂ ಬೇರು ಕೂಡ ಬಿಡುವುದಿಲ್ಲ ಎಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ಆದ್ದರಿಂದ ಆ ಹೊತ್ತಿಗೆ ಒಡತಿ ಒಲೆ ನೋಡುವ ನೆಪದಲ್ಲಿ ಒಳಗೆ ಹೋಗಿಬಿಡುವುದು ಮರ್ಯಾದೆ. ಅವತ್ತು ಅವ್ವ ಹೋಗಿದ್ದಳು.

ಬೀಗಿತ್ತಿ ಹೋಗಲಿಲ್ಲ.

ಎಲೆ ಕದಿಯಲೆಂದೇ ಹೊರಟ ಅವ್ವನೂ ನಾನೂ ಬಸ್ಸಿಳಿದು ಅವರ ಮನೆ ಸೇರಿದಾಗ ಗಿಡ ಟೀವಿ ಪಕ್ಕದ ಸ್ಟೂಲಿನ ಮೇಲಿತ್ತು. ಬೀಗಿತ್ತಿ ಅದರ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. ಕಾಫಿ ಅಕ್ಕನೇ ತಂದಳು, ಊಟವೂ ಅಕ್ಕನದೇ.

"ಒಲೆ ಮೇಲೆ ಏನೋ ಸೀದಂಗೆ ವಾಸ್ನೆ ಬತ್ತಾ ಐತೆ," ಅವ್ವ ಅಂದಳು.

"ನಿಮ್ ಮಗಳು ಒಳಗವ್ಳೆ ಬುಡಿ. ಸೀಸೋದು ಅವಳೇ, ನೋಡ್ಕಳೋದೂ ಅವಳೇ," ಬೀಗಿತ್ತಿ ಅಂದರು.

ಅವ್ವ ನನ್ನ ಕಾಲು ತುಳಿದಳು. "ಅತ್ತೆ, ತೋಟ ತೋರಿಸ್ತೀನಿ ಅಂದಿದ್ರಲ್ಲ?" ಎಂದೆ.

"ತ್ವಾಟ ಎಲ್ಲೂ ಓಡೋಗಕಿಲ್ಲ ಕಣಪ್ಪ. ಓಡೋಗೋವು ಬ್ಯಾರೆ ಇರ್ತಾವೆ. ಅವನ್ನ ಕಾಯ್ಬೇಕು."

ಎಲೆ ಇಲ್ಲದೆ ಹೊರಟರೆ ಕಿಟಕಿ ಖಾಲಿಯೇ. ಬಸ್ಸಿನ ಹೊತ್ತಾಯಿತೆಂದು ನಾವು ಎದ್ದ ಮೇಲೆ ಬೀಗಿತ್ತಿ, "ತಾಳಿ, ಕುಂಕುಮ ತತ್ತೀನಿ," ಎಂದು ದೇವರ ಮನೆಗೆ ನಡೆದರು. ಒಂದು ಕುಂಕುಮದ ಬಟ್ಟಲಿಗೆ ಅಷ್ಟು ಹೊತ್ತು ಬೇಡ. ಒಳಗೆ ತಟ್ಟೆ ಬಿದ್ದ ಸದ್ದು, ಜೋರು ಕೆಮ್ಮು, ಮತ್ತೆ ತಟ್ಟೆ. ಅವ್ವ ಹಾರಿದಳು. ಲಟಕ್! ತೊಟ್ಟಿನ ಸಮೇತ ಎಲೆ ಸೆರಗಿನೊಳಗೆ.

ಗಡಿಬಿಡಿಯಲ್ಲಿ ಅವ್ವ ಮರೆತದ್ದೇನೆಂದರೆ, ಕುಂಕುಮ ಎಂದರೆ ಬರೀ ಕುಂಕುಮವಲ್ಲ. ಬೀಗಿತ್ತಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಯನ್ನೂ ಹಿಡಿದು ಬಂದರು. ಅದನ್ನು ಸೆರಗೊಡ್ಡಿ ತೆಗೆದುಕೊಳ್ಳಬೇಕು. ಸೆರಗು ಬಿಚ್ಚಿದರೆ ಎಲೆ ಕಾಣುತ್ತದೆ, ಬಿಚ್ಚದಿದ್ದರೆ ಬೀಗರಿಗೆ ಅವಮಾನ.

"ಕೈಗೇ ಕೊಡಿ," ಅವ್ವ ಅಂದಳು.

"ಅಯ್, ಕೈಗೆ ಯಾರಾರ ಕೊಟ್ಟಾರಾ? ಸೆರಗೊಡ್ಡಿ."

ಅವ್ವ ಒಡ್ಡಿದಳು. ನಟ್ಟನಡುವೆ ಬಿಗೋನಿಯದ ಎಲೆ, ಬಡಿಸಿಟ್ಟ ಹಾಗೆ. ಬೀಗಿತ್ತಿ ತಟ್ಟನೆ ತಲೆಯೆತ್ತಿ ಫ್ಯಾನ್ ನೋಡತೊಡಗಿದರು. "ಎಷ್ಟು ಧೂಳು ಕೂತೈತೆ ನೋಡಿ, ಒರ್ಸೋರೇ ಇಲ್ಲ," ಎನ್ನುತ್ತಾ, ಕಣ್ಣು ಕೆಳಗಿಳಿಸದೆ, ಕಾಯಿಯನ್ನು ಎಲೆಗೆ ತಾಗದಂತೆ ಸೆರಗಿನ ಒಂದು ಮೂಲೆಗೆ ಮೆಲ್ಲಗೆ ಇಟ್ಟರು. ಅವ್ವನೂ ಫ್ಯಾನ್ ನೋಡಿದಳು. ನಾನೂ ನೋಡಿದೆ. ಧೂಳೇನೂ ಇರಲಿಲ್ಲ.

ಬಸ್ಸಿನಲ್ಲಿ ಎಲೆಗೆ ಒದ್ದೆ ಕರ್ಚೀಫು ಸುತ್ತುತ್ತಾ ಅವ್ವ ಪಿಸುಗುಟ್ಟಿದಳು. "ಲೇ, ಅವ್ರು ಕಂಡ್ಬುಟ್ರೇನ್ಲಾ?"

"ಇಲ್ಲ ಕಣವ್ವ. ಮೇಲೆ ನೋಡ್ತಿದ್ರು."

"ನೀನೂ ಮೇಲೇ ನೋಡ್ತಿದ್ದೆ. ನಿಂಗೆಂಗ್ಲಾ ಗೊತ್ತು?"

ಮರಳಿನಲ್ಲಿ ಊರಿದ ಆ ತೊಟ್ಟಿನ ಬುಡದಲ್ಲಿ ಈಗ ಉಗುರಗಲದ ಚಿಗುರೆದ್ದಿದೆ. ಬೀಗಿತ್ತಿ ಕಂಡಿಲ್ಲ ಎನ್ನುವುದಕ್ಕೆ ಅವ್ವನಿಗೆ ಅಷ್ಟೇ ಸಾಕ್ಷಿ ಸಾಕು. ಚಿಗುರಿನ ಎದುರು ನನ್ನ ನೆನಪು ನಿಲ್ಲುವುದಿಲ್ಲ. ಆದ್ದರಿಂದ ಮೇಲೆ ಬರೆದದ್ದರಲ್ಲಿ ಒಂದು ತಿದ್ದುಪಡಿ: ಅವ್ವ ಸೆರಗು ಒಡ್ಡಿದಾಗ ಅದರಲ್ಲಿ ಏನೂ ಇರಲಿಲ್ಲ.