ಆಳು ನೋಡಿ ಬರುವ ಕಾಯಿಲೆ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಆ ಬೆಳಿಗ್ಗೆ ಹನಗೋಡಿನ ಮನೆಯ ಜಗಲಿಯಲ್ಲಿ ದೊಡ್ಡಪ್ಪನ ಕೈಯಲ್ಲಿದ್ದದ್ದು ಮಚ್ಚೋ ಕುಡುಗೋಲೋ, ನನಗೆ ಖಾತ್ರಿಯಿಲ್ಲ. ಅವರ ಮಗಳು ಲತಾ, ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ದಲಿತರ ಮನೆಯ ಹುಡುಗನನ್ನು ಮೈಸೂರಿನಲ್ಲಿ ರಿಜಿಸ್ಟರ್ ಮದುವೆಯಾದ ಸುದ್ದಿ ಆಗಷ್ಟೇ ಬಂದಿತ್ತು. "ಈ ಹೊಸ್ತಿಲು ತುಳಿದ್ರೆ ಕಡಿದಾಕ್ತೀನಿ" ಎಂದರು. ನನಗಂತೂ ಹಾಗೇ ಕೇಳಿಸಿತು. ಮೂರು ವರ್ಷದ ಮೇಲೆ, ಹೋದ ವಾರ, ದೊಡ್ಡವ್ವ ಫೋನಿನಲ್ಲಿ ತಿದ್ದಿದಳು: "ಕಡಿತೀನಿ ಅಂದಿಲ್ಲ ಕಣವ್ವ. ಕಾಲು ಮುರೀತೀನಿ ಅಂದ್ರು, ಅಷ್ಟೆ."

ಆ 'ಅಷ್ಟೆ'ಯಿಂದ ಎಷ್ಟು ಸಮಾಧಾನ ಪಡಬೇಕೋ ತಿಳಿಯಲಿಲ್ಲ.

ದೊಡ್ಡವ್ವನಿಗೆ ಗೌರಿ ಹಬ್ಬಕ್ಕೆ ಮಗಳನ್ನು ಕರೆಸಿ ಬಾಗಿನ ಕೊಡುವ ಆಸೆ. ನಾನೇ ಕರೆದುಕೊಂಡು ಬರಬೇಕಂತೆ. ನಾನು ಕರೆದರೆ ಲತಾ ಬಂದೇ ಬರುತ್ತಾಳೆ. ನನ್ನ ಭಯವೂ ಅದೇ.

"ಅವರ ಸಿಟ್ಟು ಒಂದು ಕಾಯಿಲೆ ಕಣವ್ವ. ಹುಣಸೂರಿನ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ಈಗ ಕೂಗಾಡೋದೇ ಇಲ್ಲ."

ಕಾಯಿಲೆ! ಎಷ್ಟು ಹಿತವಾದ ಮಾತು. ಕಾಯಿಲೆಯವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ, ಮೂಸಂಬಿ ಹಿಡಿದು ನೋಡಿಬರುತ್ತಾರೆ. ಎರಡು ವರ್ಷ ಮನಃಶಾಸ್ತ್ರ ಓದಿದ ನಾನು ಜಿರಲೆ ಕಂಡರೆ ಹೆದರುವುದಕ್ಕೂ ಒಂದು ಹೆಸರು ಕಲಿತೆ, ದೊಡ್ಡಪ್ಪನ ಈ ಕಾಯಿಲೆಗೆ ಮಾತ್ರ ಕಲಿಯಲಿಲ್ಲ. ನೆಗಡಿಯಾದರೆ ನಾನು ಸಾಹೇಬರ ಮುಂದೆಯೂ ಸೀನುತ್ತೇನೆ. ದೊಡ್ಡಪ್ಪನ ಕಾಯಿಲೆ ಹಾಗಲ್ಲ, ಅದಕ್ಕೆ ಎದುರಿಗಿರುವವರ ಗುರುತು ಸಿಗುತ್ತದೆ. ತಂಬಾಕು ಮಂಡಳಿಯಿಂದ ಬೆಳೆ ನೋಡಲು ಬರುವ ಸಾಹೇಬರು ಅಳಿಯನ ಜಾತಿಯವರೇ. ಅವರು ಜೀಪಿಳಿದರೆ, "ಬನ್ನಿ ಸಾ, ಕುಂತ್ಕಳಿ" ಎಂದು ದೊಡ್ಡಪ್ಪ ಹೆಗಲ ಟವೆಲಿನಿಂದ ಕುರ್ಚಿ ಒರೆಸುತ್ತಾರೆ. ಕೂಲಿಯವರು ಮರೆತು ಜಗಲಿಗೆ ಒರಗಿದರೆ ಬೀಸುವುದೂ ಅದೇ ಟವೆಲು. ಇಷ್ಟು ಲೆಕ್ಕಾಚಾರದ ಹುಚ್ಚನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಹಾಗೆಂದು ನಾನೇನು ಗಟ್ಟಿಮುಟ್ಟಾದವಳಲ್ಲ. ಮದುವೆಗೆ ಸಾಕ್ಷಿ ಸಹಿ ಹಾಕು ಬಾ ಎಂದು ಲತಾ ಕರೆದಾಗ ಜ್ವರವೆಂದೆ. ಡೈರಿಯಲ್ಲೂ ಜ್ವರವೆಂದೇ ಬರೆದಿದ್ದೇನೆ. ಆ ಪುಟ ತೆರೆದಾಗಲೆಲ್ಲ ಅಂದು ಮೈ ಸುಡುತ್ತಿತ್ತೆಂದು ನೆನಪಾಗುತ್ತದೆ. ನಂಬುವ ಧೈರ್ಯವಿಲ್ಲ. ದೊಡ್ಡಪ್ಪನಿಗೆ ಹೆದರಿದೆನೋ, ಅವರಲ್ಲಿರುವುದರ ಒಂದು ಚೂರು ನನ್ನಲ್ಲೂ ಇತ್ತೋ?

"ಅವಳು ಬರ್ತಾಳೆ ಅಂದಿದ್ದಕ್ಕೆ ದೊಡ್ಡಪ್ಪ ಏನಂದ್ರು?" ಎಂದು ಕೇಳಿದೆ.

"'ಬರ್ಲಿ' ಅಂದ್ರು. ಇನ್ನೇನೂ ಅನ್ನಲಿಲ್ಲ. ಸುಮ್ನೆ ಕುಂತವ್ರೆ."

ಕೂಗಾಡುವ ದೊಡ್ಡಪ್ಪನ ಜೊತೆ ಬೆಳೆದವಳು ನಾನು. 'ಬರ್ಲಿ' ಎಂದು ಸುಮ್ಮನೆ ಕೂರುವ ದೊಡ್ಡಪ್ಪ ಯಾರೋ ನನಗೆ ಗೊತ್ತಿಲ್ಲ.

"ದೊಡ್ಡವ್ವ, ಲತಾ ಜಾಗದಲ್ಲಿ ನೀನಿದ್ದಿದ್ರೆ ಬರ್ತಿದ್ಯಾ?"

"ಇರವ್ವ, ಕೊಟ್ಟಿಗೇಲಿ ದನ ಕೂಗ್ತಾ ಅವೆ" ಎಂದು ಫೋನ್ ಇಟ್ಟಳು. ನಾಳಿದ್ದು ಹಬ್ಬ. ಅವಳು ಮತ್ತೆ ಫೋನ್ ಮಾಡಿಲ್ಲ. ನಾನೂ ಲತಾಳಿಗೆ ಇನ್ನೂ ಏನೂ ಹೇಳಿಲ್ಲ.